ಯೆಶಾಯ 53ರ ‘ಸೇವಕ’ ಯಾರು?

ಪ್ರಶ್ನೆ: ಬೈಬಲಿನ ಯೆಶಾಯನ ಪುಸ್ತಕದ 53ನೇ ಅಧ್ಯಾಯದಲ್ಲಿ ಬೇರೆಯವರ ತಪ್ಪಿಗಾಗಿ ನೋವು ತಿನ್ನುವ ಒಬ್ಬ ‘ಸೇವಕ’ ಬರುತ್ತಾನೆ. ಅದನ್ನು ಓದಿದರೆ ನನಗೆ ಯೇಸುವಿನ ಶಿಲುಬೆಯೇ ಕಣ್ಣ ಮುಂದೆ ಬರುತ್ತದೆ. ಯೆಹೂದ್ಯರದ್ದೂ ಇದೇ ಗ್ರಂಥ ಅಲ್ವಾ? ಮತ್ತೆ ಅವರು ಯಾಕೆ ಒಪ್ಪುವುದಿಲ್ಲ?

ಉತ್ತರ: ಅವರು ಆ ಅಧ್ಯಾಯವನ್ನು ಓದುವುದೇ ಇಲ್ಲ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ದಯವಿಟ್ಟು ನಂಬಬೇಡಿ. 3ನೇ ಶತಮಾನದಲ್ಲೇ ಒರಿಗೆನ್ ಎಂಬ ಕ್ರೈಸ್ತ ಪಂಡಿತ, ತನ್ನೊಡನೆ ವಾದಿಸಿದ ಯೆಹೂದ್ಯರು ‘ಆ ಸೇವಕ ಅಂದರೆ ಚದುರಿಹೋಗಿ ನೊಂದ ನಮ್ಮ ಇಡೀ ಜನ’ ಎಂದದ್ದನ್ನು ಬರೆದಿಟ್ಟಿದ್ದಾನೆ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಇದೇ ಪುಸ್ತಕದ 41:8ರಲ್ಲಿ (41ನೇ ಅಧ್ಯಾಯ, 8ನೇ ವಚನ) ದೇವರು ಇಸ್ರಾಯೇಲನ್ನೇ ‘ನನ್ನ ಸೇವಕ’ ಎನ್ನುತ್ತಾನೆ. 44:1ರಲ್ಲೂ, 49:3ರಲ್ಲೂ ಹಾಗೇ. ಇನ್ನು, ಈ ಕವನ ಶುರುವಾಗುವುದು 53:1ರಲ್ಲಲ್ಲ, 52:13ರಲ್ಲಿ. ಅಧ್ಯಾಯ ಅಂತ ಭಾಗ ಮಾಡಿದ್ದು ಎಷ್ಟೋ ಕಾಲದ ಮೇಲೆ. 52:15ರಲ್ಲಿ ಅನ್ಯಜನಾಂಗಗಳ ಅರಸರು ಬೆರಗಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಯೆಹೂದ್ಯರ ಪ್ರಕಾರ ಮುಂದಿನ ಸಾಲುಗಳಲ್ಲಿ ಮಾತಾಡುವವರು ಇವರೇ: ನಾವು ತುಚ್ಛವಾಗಿ ಕಂಡ ಈ ಜನ ನಮ್ಮ ತಪ್ಪಿಗಾಗಿ ನೋವು ತಿಂದರಲ್ಲ ಅಂತ. 11ನೇ ಶತಮಾನದ ರಾಶಿ ಎಂಬ ಯೆಹೂದ್ಯ ಪಂಡಿತರು ಹೀಗೇ ವಿವರಿಸಿದರು. ಅವರು ಓದಿದ ಜರ್ಮನಿಯ ಮೈನ್ಸ್, ವರ್ಮ್ಸ್ ಊರುಗಳಲ್ಲೇ 1096ರಲ್ಲಿ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ಯೆಹೂದ್ಯರನ್ನು ಕೊಂದವು. 53:7ರ, ಕೊಯ್ಯಲು ಒಯ್ದ ಕುರಿಮರಿಯ ಸಾಲು ರಾಶಿಯವರಿಗೆ ತಮ್ಮವರದೇ ಕಥೆಯಾಗಿ ಕೇಳಿಸಿದ್ದರೆ ಆಶ್ಚರ್ಯವೇನು?

ಕ್ರೈಸ್ತರು ಯೇಸುವಿನಿಂದ ಶುರುಮಾಡಿ ಹಿಂದಕ್ಕೆ ಓದುತ್ತಾರೆ. ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 8ನೇ ಅಧ್ಯಾಯದಲ್ಲಿ, ರಥದಲ್ಲಿ ಕೂತು ಇದೇ ಭಾಗ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿ, ಯೇಸುವಿನ ಸುದ್ದಿ ಸಾರುತ್ತಿದ್ದ ಫಿಲಿಪ್ಪನನ್ನು ಕೇಳುತ್ತಾನೆ: ಪ್ರವಾದಿ ಹೇಳಿದ್ದು ತನ್ನ ಬಗ್ಗೆಯೋ, ಬೇರೆಯವರ ಬಗ್ಗೆಯೋ? ಅಂದರೆ ಬರೀ ಓದಿದ್ದರಿಂದ ಅವನಿಗೂ ಉತ್ತರ ಸಿಕ್ಕಿರಲಿಲ್ಲ. ಯೇಸುವಿನ ಸುದ್ದಿಯನ್ನು ಫಿಲಿಪ್ಪ ಹೇಳಬೇಕಾಯಿತು. ಹಾಗಂತ ಕ್ರೈಸ್ತರ ಓದಿಗೆ ಪುಸ್ತಕದೊಳಗೆ ಆಧಾರವೇ ಇಲ್ಲ ಅನ್ನುವುದೂ ತಪ್ಪು. 49:6ರಲ್ಲಿ ಸೇವಕನೇ ಇಸ್ರಾಯೇಲನ್ನು ಮರಳಿ ತರಬೇಕು. ಜನವೇ ಜನವನ್ನು ತರುವುದು ಹೇಗೆ? ಆ ಸೇವಕ ಅಂದರೆ ಇಸ್ರಾಯೇಲಿನಲ್ಲಿ ನಂಬಿಗಸ್ತರಾಗಿ ಉಳಿದ ಕೆಲವರು ಎನ್ನುವ ಯೆಹೂದ್ಯರಿದ್ದಾರೆ. ಯೆಹೂದ್ಯರ ಹಳೆಯ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದಿನಲ್ಲಂತೂ 53ರ ಒಂದು ಸಾಲನ್ನು, ಬರಲಿರುವ ರಕ್ಷಕನಾದ ಮೆಸ್ಸೀಯನಿಗೇ ಹೊಂದಿಸಿದ ಮಾತೂ ಇದೆ. ಆದರೆ ಆ ಮೆಸ್ಸೀಯ ಯೇಸು ಎಂದು ಅವರು ಒಪ್ಪುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಯೆಹೂದ್ಯರನ್ನು ಬಾಬೆಲಿಗೆ ಸೆರೆ ಒಯ್ದ ಕಾಲದ ಹಿನ್ನೆಲೆಯಲ್ಲಿಟ್ಟು ಓದಿದಾಗ ಯೆಹೂದ್ಯರ ಅರ್ಥಕ್ಕೆ ಬಲ ಜಾಸ್ತಿ. ನಿಮಗೆ ಶಿಲುಬೆ ಕಾಣುವುದು ನೀವು ಯೇಸುವನ್ನು ಮೊದಲೇ ನಂಬಿರುವುದರಿಂದ, ಅದರಲ್ಲಿ ತಪ್ಪೇನಿಲ್ಲ. ಆ ನಂಬಿಕೆ ಇಲ್ಲದವರಿಗೂ ಅದು ಕಾಣಲೇಬೇಕು ಅನ್ನುವುದು ಮಾತ್ರ ಸರಿಯಲ್ಲ. ಒಮ್ಮೆ 40ರಿಂದ 55ರವರೆಗೆ ಒಂದೇ ಓಟಕ್ಕೆ ಓದಿ, ‘ಸೇವಕ’ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.