ಪೌಲನಿಗೂ ಚಳಿ ಆಗ್ತಿತ್ತಾ ಮೇಡಂ?

ನಾನು ಆಪ್ತಸಲಹೆ ಕೊಡೋಳು, ನನ್ನ ಹತ್ರ ಬರೋ ಒಬ್ಬ ಹುಡುಗನ ಕೇಸ್ ಬಗ್ಗೆ ಬರೀಲಾ ಅಂತ ಅವನನ್ನೇ ಕೇಳ್ದೆ, "ಹೆಸರು ಹಾಕ್ಬೇಡಿ ಮೇಡಂ, ಉಳಿದಿದ್ದು ಬರ್ಕೊಳ್ಳಿ" ಅಂದ. ಹೆಸರಷ್ಟೇ ಅಲ್ಲ, ಗುರುತು ಸಿಗೋ ಅಂಥದ್ದನ್ನೆಲ್ಲ ತೆಗೆದು ಒಂದೆರಡು ವಿವರನ ಬೇಕಂತಲೇ ಬದಲಾಯಿಸಿದ್ದೀನಿ. ಬರೀತಿರೋದ್ಯಾಕೆ ಅಂದ್ರೆ ಇದೇ ಗಂಟು ಕಟ್ಕೊಂಡು ನನ್ನ ಮುಂದೆ ಬಂದು ಕೂತೋನು ಇವನೊಬ್ಬನೇ ಅಲ್ಲ. ನಂಬಿಕೆಗೋಸ್ಕರ ಮನೆಯವರು ದೂರ ಮಾಡಿರ್ತಾರೆ, ಜೊತೆ ಕೆಲಸ ಮಾಡೋರು ಆಡ್ಕೊಂಡಿರ್ತಾರೆ, ಅದರ ನೋವು ಒಂದು ಕಡೆ ಇರ್ಲಿ, ಅದಕ್ಕಿಂತ ದೊಡ್ಡ ನೋವು ಇನ್ನೊಂದಿರುತ್ತೆ: ಯೇಸು ಜೊತೇಲಿ ಇದ್ದಾನೆ ಅಂತ ನಂಬಿದ ಮೇಲೂ ನಂಗೆ ಒಂಟಿತನ ಆಗ್ತಿದೆ ಅಂದ್ರೆ ನನ್ನ ನಂಬಿಕೇನೇ ಸುಳ್ಳಾ ಅನ್ನೋದು. ಮೊದಲನೇದು ಬೇರೆಯವರು ಕೊಟ್ಟ ಪೆಟ್ಟು, ಎರಡನೇದು ಇವರೇ ದಿನಾ ಕೊಟ್ಕೊಳ್ಳೋ ಪೆಟ್ಟು.

ಹುಡುಗನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಅಂತ ಇಟ್ಕೊಳ್ಳಿ. ಎರಡು ವರ್ಷದ ಹಿಂದೆ ಕ್ರಿಸ್ತನನ್ನ ನಂಬೋಕೆ ಶುರು ಮಾಡಿದ, ಮನೇಲಿ ಗೊತ್ತಾಯ್ತು, ಒಂದು ರಾತ್ರಿ ಜಗಳ ಆಗಿ ಒಂದೇ ಬ್ಯಾಗಲ್ಲಿ ಹೊರಗೆ ಬಂದ. ಅಪ್ಪ ಮಾತಾಡಲ್ಲ, ಅಮ್ಮ ಫೋನ್ ಎತ್ತಲ್ಲ, ತಂಗಿ ಮಾತ್ರ ಯಾವಾಗಾದ್ರೂ ಕದ್ದುಮುಚ್ಚಿ ಒಂದು ಮೆಸೇಜ್. ಆಫೀಸಲ್ಲಿ ಇವನು ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋದನ್ನ ಯಾರೋ ಫೋಟೋ ತೆಗೆದು, ಕೆಳಗೆ ಒಂದು ಹೊಲಸು ಜೋಕ್ ಬರೆದು ಗ್ರೂಪಿಗೆ ಹಾಕಿದ್ರು. ಪ್ರಾರ್ಥನೆಗೆ ಅಂತ ಹೋಗ್ತಿದ್ದ ಕಡೆ ಒಬ್ಬ ಹಿರಿಯರ ಹತ್ರ ಇದನ್ನೆಲ್ಲ ಹೇಳ್ಕೊಂಡ್ರೆ ಅವರು "ಇನ್ನೂ ಹೆಚ್ಚು ಪ್ರಾರ್ಥನೆ ಮಾಡಪ್ಪ, ಹಿಂಸೆ ಬಂದ್ರೆ ಸಂತೋಷಪಡಬೇಕು" ಅಂದ್ರಂತೆ. ಅವತ್ತಿಂದ ಅಲ್ಲಿಗೂ ಹೋಗೋದು ಬಿಟ್ಟ. ಸಂತೋಷ ಆಗ್ತಿರ್ಲಿಲ್ಲ, ಹಾಗಾಗಿ ನಾಚಿಕೆ ಆಯ್ತು ಅಂದ.

ಮೊದಲನೇ ದಿನಾನೇ ನೇರವಾಗಿ ಕೇಳ್ದೆ, ಸಾಯ್ಬೇಕು ಅಂತ ಅನ್ಸಿದೆಯಾ ಅಂತ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಹಾಗಲ್ಲ, ಕೇಳಿದ್ರೆ ಎದೆ ಮೇಲಿನ ಭಾರ ಇಳಿಯೋದೇ ಹೆಚ್ಚು. "ಸಾಯ್ಬೇಕು ಅಂತಲ್ಲ ಮೇಡಂ, ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಸಾಕು ಅನ್ಸುತ್ತೆ" ಅಂದ. ಅದೇ ವಾರ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಮಾತ್ರೆ ಶುರುವಾಯ್ತು, ನಿದ್ದೆ ಸ್ವಲ್ಪ ಬಂತು. ಮಾತ್ರೆ ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗಲ್ವಾ ಅಂದ. ಬೈಬಲಲ್ಲಿ ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗೆ ಬಿದ್ಕೊಂಡು ಸಾಯ್ತೀನಿ ಅಂದಾಗ ದೇವದೂತ ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಎದ್ದ ಮೇಲೆ ಮತ್ತೆ ಊಟ, ಉಪದೇಶದ ಮಾತೇ ಇಲ್ಲ ಅಲ್ಲಿ ಅಂದೆ. ಅದನ್ನ ಒಪ್ಕೊಂಡ.

ಆಮೇಲೆ ನಾನೊಂದು ತಪ್ಪು ಮಾಡ್ದೆ. ಅವನ ನಂಬಿಕೆನೇ ಆಸರೆ ಆಗ್ಲಿ ಅಂತ ದಿನಕ್ಕೆ ಬೈಬಲಿನ ಎರಡು ಕೀರ್ತನೆ ಓದಿ ಒಂದು ಪುಟ ಬರ್ಕೊಂಡು ಬನ್ನಿ ಅಂತ ಹೋಂವರ್ಕ್ ಕೊಟ್ಟೆ. ಮುಂದಿನ ವಾರ ಬಂದ, ಮುಖ ಇನ್ನೂ ಬಾಡಿತ್ತು. ನೋಟ್‌ಬುಕ್ಕಲ್ಲಿ ಮೂರು ದಿನದ್ದು ನೀಟಾಗಿ ಬರೆದಿದ್ದ, ನಾಲ್ಕನೇ ದಿನ ಬರೀ ತಾರೀಕು, ಐದನೇದಕ್ಕೆ ಅದೂ ಇಲ್ಲ. ಸೋಲೋಕೆ ಅಂತಾನೇ ಇನ್ನೊಂದು ಪರೀಕ್ಷೆ ಕೊಟ್ಟ ಹಾಗಾಗಿತ್ತು ನಾನು. ಕ್ಷಮೆ ಕೇಳ್ದೆ. ಆಪ್ತಸಲಹೆಗಾರರು ಕ್ಷಮೆ ಕೇಳಿದ್ರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ ಹೊಸಬರಲ್ಲಿ ಇರುತ್ತೆ, ಆದ್ರೆ ಕ್ಷಮೆ ಕೇಳಿದ ಅವತ್ತಿಂದಲೇ ಇವನು ನನ್ನ ಜೊತೆ ಬಾಯಿ ಬಿಟ್ಟು ಮಾತಾಡಿದ್ದು.

ಐದನೇ ಸಲ ಬಂದಾಗ ಆಗಿದ್ದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಅವನು ಯಾವಾಗ್ಲೂ ಫೋನನ್ನ ತೊಡೆ ಮೇಲೆ ಇಟ್ಕೊಂಡೇ ಕೂರೋನು, ಸ್ಕ್ರೀನ್ ಮೇಲ್ಗಡೆ ಮಾಡಿ. ಅಮ್ಮ ಫೋನ್ ಮಾಡಿದ್ರೆ ಮಿಸ್ ಆಗಬಾರದು ಅಂತ. ಸ್ಕ್ರೀನ್ ಆರಿ ಹೋದಾಗಲೆಲ್ಲ ಹೆಬ್ಬೆರಳಿಂದ ಒಂದ್ಸಲ ತಟ್ಟಿ ಎಬ್ಬಿಸ್ತಿದ್ದ, ಅದು ಅವನಿಗೇ ಗೊತ್ತಿರ್ಲಿಲ್ಲ ಅನ್ಸುತ್ತೆ. ಅವತ್ತು ವಾಲ್‌ಪೇಪರ್ ಕಾಣಿಸ್ತು, ಏನೋ ಬರೆದಿದೆಯಲ್ಲ ಅಂತ ಕೇಳ್ದೆ. ಎರಡನೇ ತಿಮೊಥೆ ನಾಲ್ಕನೇ ಅಧ್ಯಾಯದ ಹದಿನೇಳನೇ ವಚನ, ಕರ್ತನು ನನ್ನ ಹತ್ತಿರ ನಿಂತು ಬಲ ಕೊಟ್ಟ ಅಂತ ಪೌಲ ಹೇಳೋ ಮಾತು. ಅಪೊಸ್ತಲ ಪೌಲ ಜೈಲಿಂದ ಶಿಷ್ಯ ತಿಮೊಥೆಗೆ ಬರೆದ ಪತ್ರ ಅದು. "ಇದನ್ನ ನೋಡಿದಾಗಲೆಲ್ಲ ಬಲ ಬರಬೇಕು, ನಂಗೆ ಅಳು ಬರುತ್ತೆ" ಅಂದ.

ಇದರ ಹಿಂದೆ ಏನಿದೆ ಓದಿದ್ದೀರಾ ಅಂದೆ. ಇಲ್ಲ, ಈ ವಚನ ಯಾರೋ ಫಾರ್ವರ್ಡ್ ಮಾಡಿದ್ದು ಅಂದ. ಸರಿ, ಒಂಬತ್ತನೇ ವಚನದಿಂದ ಜೋರಾಗಿ ಓದಿ ಅಂದೆ. ಓದ್ತಾ ಹೋದ. ಬೇಗ ನನ್ನ ಹತ್ರ ಬಾ ಅಂತ ತಿಮೊಥೆಗೆ ಬರೀತಾನೆ ಪೌಲ. ದೇಮ ನನ್ನ ಬಿಟ್ಟು ಹೋದ ಅಂತಾನೆ. ಲೂಕ ಒಬ್ಬನೇ ಜೊತೆಗಿದ್ದಾನೆ, ಬರ್ತಾ ಮಾರ್ಕನನ್ನ ಕರ್ಕೊಂಡು ಬಾ. ಕಂಚುಗಾರ ಅಲೆಕ್ಸಾಂದ್ರ ನಂಗೆ ತುಂಬಾ ಕೇಡು ಮಾಡಿದ, ನೀನೂ ಹುಷಾರಾಗಿರು. ಮೊದಲನೇ ವಿಚಾರಣೆಗೆ ಒಬ್ಬರೂ ನನ್ನ ಕಡೆ ನಿಲ್ಲಲಿಲ್ಲ. ಇದರ ಮಧ್ಯದಲ್ಲೇ ಹದಿಮೂರನೇ ವಚನ: ತ್ರೋವದಲ್ಲಿ ಕರ್ಪನ ಮನೇಲಿ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಗೊಂಡು ಬಾ. ಕೊನೇಲಿ ಮತ್ತೊಂದ್ಸಲ, ಚಳಿಗಾಲಕ್ಕೆ ಮುಂಚೆನೇ ಬರೋಕೆ ನೋಡು.

ಹುಡುಗ ಓದೋದು ನಿಲ್ಲಿಸ್ದ. ಸ್ವಲ್ಪ ಹೊತ್ತು ಬಿಟ್ಟು ಕೇಳ್ದ, "ಪೌಲನಿಗೂ ಚಳಿ ಆಗ್ತಿತ್ತಾ ಮೇಡಂ?"

ನಾನು ಉತ್ತರ ಕೊಡಲಿಲ್ಲ, ನಿಮಗೆ ಆಗುತ್ತಾ ಅಂತ ವಾಪಸ್ ಕೇಳ್ದೆ. ಆಗುತ್ತೆ ಅಂದ, ರಾತ್ರಿ ಎರಡು ಶರ್ಟ್ ಹಾಕ್ಕೊಂಡು ಮಲಗ್ತೀನಿ, ರಗ್ಗು ಮನೇಲೇ ಉಳೀತು ಅಂದ. ಹೊಸದು ತಗೋಬಹುದಲ್ಲ, ಕೆಲಸ ಇದೆಯಲ್ಲ ಅಂದೆ. ದುಡ್ಡಿನ ಮಾತಲ್ಲ ಮೇಡಂ ಅಂದ. "ಹೊಸ ರಗ್ಗು ತಗೊಂಡ್ರೆ ಇನ್ನು ಮನೆಗೆ ಹೋಗಲ್ಲ ಅಂತ ನಾನೇ ಒಪ್ಕೊಂಡ ಹಾಗೆ ಅಲ್ವಾ." ಆಮೇಲೆ ಅತ್ತ. ಅಷ್ಟು ದಿನದಲ್ಲಿ ಮೊದಲನೇ ಸಲ ಕ್ಷಮಿಸಿ ಅನ್ನದೇ ಅತ್ತ.

ಅಳು ನಿಂತ ಮೇಲೆ ಒಂದೇ ಒಂದು ಪ್ರಶ್ನೆ ಕೇಳ್ದೆ, ಹದಿನೇಳನೇ ವಚನ ಬರೆದ ಕೈಯೇ ಹದಿಮೂರನೇದನ್ನೂ ಬರೆದಿದ್ದಲ್ವಾ, ಕರ್ತ ಪಕ್ಕದಲ್ಲಿ ನಿಂತಿದ್ದ ಮೇಲೆ ಮೇಲಂಗಿ ಯಾಕೆ ಬೇಕಿತ್ತು ಅವನಿಗೆ? ತುಂಬಾ ಹೊತ್ತು ಯೋಚನೆ ಮಾಡಿ ಹೇಳ್ದ, "ಕರ್ತ ನಿಂತಿದ್ದ, ಆದ್ರೂ ಜೈಲಲ್ಲಿ ಚಳಿ ಇತ್ತು." ಇದನ್ನ ನಾನು ಹೇಳಿಕೊಟ್ಟಿದ್ದಲ್ಲ, ಅವನೇ ಹೇಳಿದ್ದು.

ಅವತ್ತು ನಾನು ಕೊಟ್ಟ ಸಲಹೆ ಇಷ್ಟೇ. ಪ್ರಾರ್ಥನೆ ಬಿಡ್ಬೇಡಿ, ಆದ್ರೆ ಬಲ ಬಂದಿದೆ ಅಂತ ನಾಟಕ ಮಾಡೋ ಪ್ರಾರ್ಥನೆ ಬೇಡ, ಇದ್ದಿದ್ದನ್ನ ಇದ್ದ ಹಾಗೆ ಹೇಳಿ, ಎರಡು ನಿಮಿಷ ಆದ್ರೂ ಸಾಕು. ಹದಿಮೂರನೇ ಕೀರ್ತನೆ ನೋಡಿ, ಮೊದಲ ಎರಡು ವಚನದಲ್ಲೇ ಎಷ್ಟು ಕಾಲ, ಎಷ್ಟು ಕಾಲ ಅಂತ ನಾಲ್ಕು ಸಲ ದೇವರನ್ನ ಕೇಳ್ತಾನೆ ಕೀರ್ತನೆಗಾರ. ಎಂಬತ್ತೆಂಟನೇದು ಕತ್ತಲೆ ಅನ್ನೋ ಮಾತಲ್ಲೇ ಮುಗಿಯುತ್ತೆ, ಕೊನೇಲಿ ಬೆಳಕೂ ಇಲ್ಲ ಏನೂ ಇಲ್ಲ, ಆದ್ರೂ ಅದನ್ನ ಯಾರೂ ಬೈಬಲಿಂದ ಕಿತ್ತು ಹಾಕಲಿಲ್ಲ. ಯೇಸು ಶಿಲುಬೆ ಮೇಲೆ ಕೂಗಿದ್ದೂ ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲನ್ನೇ, ನನ್ನನ್ನ ಯಾಕೆ ಕೈಬಿಟ್ಟೆ ಅಂತ. ಇದು ಪ್ರಾರ್ಥನೆ ಆಗೋದಾದ್ರೆ ನಿಮ್ಮ ಅಳು ಯಾಕೆ ಪ್ರಾರ್ಥನೆ ಆಗಬಾರದು? ಇನ್ನೊಂದು ಕೆಲಸ, ಒಬ್ಬರ ಹತ್ರ ಒಂದು ವಸ್ತು ಕೇಳಿ. ಪ್ರೀತಿ ಕೊಡಿ, ಕ್ಷಮಿಸಿ, ನನ್ನ ಅರ್ಥ ಮಾಡ್ಕೊಳ್ಳಿ ಅಂತೆಲ್ಲ ಕೇಳೋಕೆ ಹೋಗ್ಬೇಡಿ, ಅದನ್ನ ಕೊಡೋಕೆ ಅವರಿಗೆ ಇನ್ನೂ ಆಗಲ್ಲ. ರಗ್ಗು ಕೇಳಿ. ತಂಗಿಗೆ ಮೆಸೇಜ್ ಹಾಕಿ ನನ್ನ ರಗ್ಗು ಕಳಿಸ್ತೀಯಾ ಅಂತ, ಅಷ್ಟೇ.

ಈ ಸಲಹೆಗೆ ಎರಡೂ ಕಡೆಯಿಂದ ಬೈಸ್ಕೊಂಡಿದ್ದೀನಿ. ಚರ್ಚ್ ಸಭೆಯ ಕಡೆಯವರೊಬ್ಬರು ನೀವು ಜನರಿಗೆ ದೇವರಿಗಿಂತ ಮನುಷ್ಯರ ಮೇಲೆ ಆತುಕೊಳ್ಳೋದು ಕಲಿಸ್ತೀರಿ ಅಂದ್ರು, ನನ್ನ ವೃತ್ತಿಯ ಗೆಳತಿಯೊಬ್ಬಳು ಕೌನ್ಸೆಲಿಂಗ್ ರೂಮಲ್ಲಿ ಬೈಬಲ್ ತೆಗೆಯೋದೇ ತಪ್ಪು ಅಂದ್ಲು. ಗೆಳತಿಗೆ ನನ್ನ ಉತ್ತರ ಇದು, ಅದನ್ನ ನಾನು ತೆಗೀಲಿಲ್ಲ, ಅವನು ತೊಡೆ ಮೇಲೆ ಇಟ್ಕೊಂಡು ಬಂದಿದ್ದ. ನಾನೂ ವಿಶ್ವಾಸಿನೇ, ಅದನ್ನ ಮುಚ್ಚಿಡಲ್ಲ, ಆದ್ರೆ ಬಂದವರು ತಾವಾಗಿ ಎತ್ತದೇ ಇದ್ರೆ ನಾನು ದೇವರ ಮಾತು ಎತ್ತಲ್ಲ. ಕೆನೆತ್ ಪಾರ್ಗಮೆಂಟ್ ಅನ್ನೋ ಮನಶ್ಶಾಸ್ತ್ರಜ್ಞರು ಕಷ್ಟದಲ್ಲಿ ಜನ ಧರ್ಮನ ಹೇಗೆ ಹಿಡ್ಕೊಳ್ತಾರೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ದೇವರು ಜೊತೆಗಿದ್ದಾನೆ ಅಂತ ಹಿಡ್ಕೊಳ್ಳೋದು ಬೇರೆ, ದೇವರು ನನ್ನನ್ನ ಶಿಕ್ಷಿಸ್ತಿದ್ದಾನೆ, ಕೈಬಿಟ್ಟಿದ್ದಾನೆ ಅಂತ ಕೊರಗೋದು ಬೇರೆ, ಎರಡನೇದು ಮನಸ್ಸನ್ನ ಇನ್ನೂ ಕುಗ್ಗಿಸುತ್ತೆ ಅಂತ ಅವರು ತೋರಿಸಿದ್ದು. ಇವನು ಸಿಕ್ಕಿ ಹಾಕ್ಕೊಂಡಿದ್ದು ಆ ಎರಡನೇದರಲ್ಲೇ, ಅದನ್ನ ಮುಟ್ಟದೇ ಬರೀ ಉಸಿರಾಟದ ಎಕ್ಸರ್ಸೈಜ್ ಹೇಳಿಕೊಟ್ಟು ಕಳಿಸಿದ್ರೆ ನಾನು ಅವನ ಮಾತು ಕೇಳಿಸ್ಕೊಂಡ ಹಾಗಾಗ್ತಿತ್ತಾ?

ಸಭೆಯವರಿಗೆ ಟಿಂಡೇಲ್ ಕಥೆ ಹೇಳ್ದೆ. ಬೈಬಲಿನ ಬಹುಭಾಗನ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ 1535ರಲ್ಲಿ ಸಿಕ್ಕಿಬಿದ್ದು ಬ್ರಸೆಲ್ಸ್ ಹತ್ರದ ವಿಲ್ವೋರ್ಡ್ ಕೋಟೆ ಜೈಲಿಗೆ ಹೋದ, 1536ರಲ್ಲಿ ಅವನನ್ನ ಕೊಂದು ಸುಟ್ರು. ಜೈಲಿಂದ ಅವನು ಲ್ಯಾಟಿನಲ್ಲಿ ಬರೆದ ಒಂದು ಕಾಗದ ಉಳಿದಿದೆ. ಅದರಲ್ಲಿ ಏನಿದೆ ಅಂದ್ರೆ, ತಲೆಗೆ ಶೀತ ಆಗಿದೆ ಬೆಚ್ಚಗಿನ ಟೋಪಿ ಕೊಡಿಸಿ, ಇರೋ ಕೋಟು ತೆಳು, ದಪ್ಪದ್ದು ಬೇಕು, ಸಂಜೆಗೆ ಒಂದು ದೀಪ ಬೇಕು, ಕತ್ತಲಲ್ಲಿ ಒಬ್ಬನೇ ಕೂತು ಬೇಜಾರಾಗುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಹೀಬ್ರೂ ಬೈಬಲ್, ವ್ಯಾಕರಣ, ನಿಘಂಟು. ಹಿಟ್ಲರನ ಜೈಲಲ್ಲಿದ್ದ ಜರ್ಮನ್ ಪಾದ್ರಿ ಬಾನ್‌ಹೋಫರ್ ಕೂಡ 1943ರಲ್ಲಿ ಮನೆಗೆ ಬರೆದ ಮೊದಲ ಕಾಗದಗಳಲ್ಲಿ ಶೂ ಲೇಸು, ಇಂಕು ಅಂತೆಲ್ಲ ಕೇಳಿದ್ದ. ಇವರಿಗಿಂತ ದೊಡ್ಡ ನಂಬಿಕೆ ಇವರನ್ನ ಟೀಕೆ ಮಾಡೋ ನಮಗಿದೆಯಾ ಅಂತ ಕೇಳ್ದೆ, ಸ್ವಲ್ಪ ಗಟ್ಟಿಯಾಗೇ ಕೇಳ್ದೆ ಅನ್ನಿ. ಯೇಸುವೇ ಸಿಕ್ಕಿಬಿದ್ದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥನೆಗೆ ಹೋಗೋ ಮುಂಚೆ ಮೂರು ಜನ ಶಿಷ್ಯರನ್ನ ಜೊತೆಗೆ ಎಚ್ಚರವಾಗಿರಿ ಅಂತ ಕೇಳ್ಕೊಂಡ. ಅವರು ನಿದ್ದೆ ಹೋದ್ರು, ಅದು ಬೇರೆ ವಿಷಯ, ಆದ್ರೆ ಕೇಳ್ಕೊಂಡ ಅನ್ನೋದನ್ನ ಯಾಕೆ ಮರೀತೀವಿ?

ಆಫೀಸ್ ವಿಷಯಕ್ಕೆ ಬರ್ತೀನಿ. ಕಂಪ್ಲೇಂಟ್ ಕೊಡೋದು ಇನ್ನೊಂದು ಕೆನ್ನೆ ತೋರಿಸೋದಕ್ಕೆ ವಿರುದ್ಧ ಅಂತ ಇವನ ಹಟ. ಆ ಮಾತು ಹೇಳಿದ ಯೇಸುವಿಗೇ ವಿಚಾರಣೆಯಲ್ಲಿ ಒಬ್ಬ ಹೊಡೆದಾಗ, ನಾನು ತಪ್ಪು ಮಾತಾಡಿದ್ರೆ ತೋರಿಸು, ಇಲ್ಲ ಅಂದ್ರೆ ಯಾಕೆ ಹೊಡೀತೀಯ ಅಂತ ಕೇಳಿದ್ದು ಯೋಹಾನನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿದೆ. ಪೌಲ ದಮಸ್ಕದಲ್ಲಿ ಬುಟ್ಟೀಲಿ ಕೂತು ಗೋಡೆ ಇಳಿದು ಓಡಿಹೋದ, ಚಾವಟಿ ಎತ್ತಿದಾಗ ನಾನು ರೋಮ್ ಪ್ರಜೆ ಅಂತ ಹಕ್ಕು ಹೇಳ್ದ, ಕೊನೆಗೆ ರೋಮ್ ಚಕ್ರವರ್ತಿ ಕೈಸರನ ತನಕ ಅಪೀಲು ಹೋದ. ಇದನ್ನೆಲ್ಲ ಹೇಳಿ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ತಾರೀಕು ಹಾಕಿ ಬರೆದಿಟ್ಕೊಳ್ಳಿ, ಎಚ್‌ಆರ್‌ಗೆ ಲಿಖಿತವಾಗಿ ಕೊಡಿ ಅಂದೆ. ಮೈಮೇಲೆ ಕೈ ಮಾಡಿದ್ರೆ, ಬೆದರಿಕೆ ಹಾಕಿದ್ರೆ ಮೊದಲು ಆ ಜಾಗ ಬಿಡಿ, ಆಮೇಲೆ ಪೊಲೀಸ್. ಏಟು ತಿನ್ನೋ ಮನೇಲಿರೋ ಯಾರಿಗೇ ಆಗ್ಲಿ ಸಹಿಸ್ಕೊಂಡು ಪ್ರಾರ್ಥನೆ ಮಾಡಿ ಅಂತ ನಾನು ಇದುವರೆಗೂ ಹೇಳಿಲ್ಲ, ಹೇಳೋದೂ ಇಲ್ಲ.

ಹಾಗಂತ ಅವನಿಗಾಗಿದ್ದೆಲ್ಲ ಹಿಂಸೆನೇ ಅಂತ ನಾನು ತಲೆ ಆಡಿಸಲಿಲ್ಲ. ಪಕ್ಕದ ಡೆಸ್ಕಿನವನು ಮಾತು ಬಿಟ್ಟಿದ್ದಾನೆ ಅಂದ, ಯಾಕೆ ಅಂತ ಕೆದಕಿದ್ರೆ ಇವನು ಅವನ ಅಪ್ಪ ತೀರ್ಕೊಂಡ ವಾರದಲ್ಲೇ ನರಕದ ವಿಷಯ ಎತ್ತಿದ್ನಂತೆ! ಅದು ಹಿಂಸೆ ಅಲ್ಲ ಕಣಪ್ಪ, ಅವನಿಗೆ ನೋವಾಗಿದೆ ಅಂದೆ, ಆ ಕ್ಷಣಕ್ಕೆ ನೀವು ಅನ್ನೋದೂ ಮರೆತುಹೋಯ್ತು. ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರದಲ್ಲಿ ಕ್ರೈಸ್ತನಾಗಿ ಬಾಧೆಪಟ್ರೆ ನಾಚಿಕೆ ಬೇಡ ಅನ್ನೋದಕ್ಕೆ ಒಂದು ವಚನ ಮುಂಚೆ, ಕೊಲೆಗಾರನಾಗಿ ಕಳ್ಳನಾಗಿ ಬಾಧೆಪಡಬೇಡಿ ಅಂತ ಹೇಳಿ, ಅದೇ ಪಟ್ಟಿಗೆ ಬೇರೆಯವರ ವಿಷಯದಲ್ಲಿ ತಲೆ ಹಾಕೋನನ್ನೂ ಸೇರಿಸಿದ್ದಾನೆ. ಹುಡುಗ ಮುಖ ಕೆಂಪು ಮಾಡ್ಕೊಂಡ. ಮುಂದಿನ ವಾರ ಆ ಪಕ್ಕದ ಡೆಸ್ಕಿನವನ ಹತ್ರ ಹೋಗಿ ಸಾರಿ ಕೇಳಿದ್ನಂತೆ, ಈಗ ಇಬ್ರೂ ಒಟ್ಟಿಗೆ ಊಟ ಮಾಡ್ತಾರಂತೆ, ಇವನು ಕಣ್ಣು ಮುಚ್ಚಿದಾಗ ಅವನು ಕಾಯ್ತಾನಂತೆ. ಎಚ್‌ಆರ್‌ಗೆ ಕೊಟ್ಟ ಕಂಪ್ಲೇಂಟಿಂದ ಫೋಟೋ ಅಳಿಸಿದ್ರು, ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ.

ತಂಗಿಗೆ ಮೆಸೇಜ್ ಹಾಕೋಕೆ ಅವನಿಗೆ ಹನ್ನೊಂದು ದಿನ ಬೇಕಾಯ್ತು. ದಿನಾ ಟೈಪ್ ಮಾಡಿ ಅಳಿಸ್ತಿದ್ದೆ ಅಂದ, ಕೊನೆಗೆ ಒಂದು ರಾತ್ರಿ ಎರಡು ನಿಮಿಷ ಪ್ರಾರ್ಥನೆ ಮಾಡಿ ಕಳಿಸಿಬಿಟ್ಟೆ ಅಂದ. ಏನಂತ ಪ್ರಾರ್ಥನೆ ಮಾಡಿದ್ರಿ ಅಂತ ಕೇಳಿದ್ರೆ, "ಚಳಿ ಆಗ್ತಿದೆ ಅಪ್ಪಾ ಅಂತ, ಅಷ್ಟೇ ಮೇಡಂ."

ಮೂರು ವಾರ ಆದ್ಮೇಲೆ ಪಾರ್ಸೆಲ್ ಬಂತಂತೆ. ಒಳಗೆ ಚೀಟಿ ಇರ್ಲಿಲ್ಲ, ಮೇಲೆ ಅಡ್ರೆಸ್ ಮಾತ್ರ ತಂಗಿ ಅಕ್ಷರ. ರಗ್ಗು ಒಗೆದು, ಒಣಗಿಸಿ, ಅಮ್ಮ ಮಡಚೋ ಥರಾನೇ ನಾಲ್ಕು ಮಡಿಕೆ ಮಡಚಿತ್ತು ಅಂದ. ತಂಗಿಗೂ ಹಾಗೆ ಮಡಚೋಕೆ ಬರುತ್ತಲ್ಲ, ಯಾರು ಮಡಚಿದ್ದು ಅಂತ ಗೊತ್ತಾಗಲಿಲ್ಲ ಅಂತಾನೂ ಅವನೇ ಹೇಳ್ದ. ಆ ಮಡಿಕೆ ಬಿಚ್ಚದೇ ಎರಡು ದಿನ ಹಾಗೇ ಇಟ್ಟಿದ್ನಂತೆ, ಮೂರನೇ ರಾತ್ರಿ ಹೊದ್ಕೊಂಡ್ನಂತೆ.

ಅಮ್ಮ ಇನ್ನೂ ಫೋನ್ ಎತ್ತಿಲ್ಲ. ತಿಂಗಳಿಗೊಂದ್ಸಲ ಬರ್ತಾನೆ, ಫೋನ್ ಈಗ ಬ್ಯಾಗಲ್ಲಿರುತ್ತೆ, ಸೈಲೆಂಟ್ ಮಾಡಿರಲ್ಲ.