ಕ್ರಿಪ್ಟೊ ಲೆಕ್ಕ ಇಡೋಕೆ ಯಾವ ಆ್ಯಪ್ ಒಳ್ಳೆಯದು?

ಕಾಯಿನ್ ಕೊಂಡು ಮಾರೋ ನಾಲ್ಕು ಎಕ್ಸ್‌ಚೇಂಜ್, ಕಾಯಿನ್ ಇಡೋ ಎರಡು ವ್ಯಾಲೆಟ್, ಎಲ್ಲಾ ಒಂದೇ ಕಡೆ ಕಾಣಬೇಕು, ಕಾಯಿನ್‌ಗೆಕ್ಕೊ ಹಾಕ್ಲಾ, ಕಾಯಿನ್‌ಸ್ಟ್ಯಾಟ್ಸ್ ಹಾಕ್ಲಾ, ಕಾಯಿನ್‌ಲಿ ಹಾಕ್ಲಾ ಅಂತ ಕೇಳಿದ್ದೀರಿ. 2022ರಲ್ಲಿ ನಾನೂ ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಆಮೇಲೆ ಒಂದು ಆ್ಯಪ್ ಹಾಕಿಕೊಂಡೆ. ಅದರ ಹೆಸರು ಬೇಡ ಬಿಡಿ, ತಪ್ಪು ನನ್ನದೇ ಜಾಸ್ತಿ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. 2021ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಎಲ್ಲರಂತೆ ನಾನೂ ಇಥೀರಿಯಂ ಅನ್ನೋ ಕಾಯಿನ್ ತಗೊಂಡೆ. ಒಂದೇ ಸಲ ಅಲ್ಲ. ಗಲ್ಲಾದಲ್ಲಿ ಐದು ಸಾವಿರ ಮಿಕ್ಕಿದರೆ ಐದು ಸಾವಿರದ್ದು, ಎಂಟು ಮಿಕ್ಕಿದರೆ ಎಂಟರದ್ದು, ಹೀಗೆ ಇಪ್ಪತ್ತೆರಡು ಸಲ. ಕೊನೆಗೆ ಕೈಯಲ್ಲಿ ಅರ್ಧ ಇಥೀರಿಯಂ, ಒಟ್ಟು ಹಾಕಿದ್ದು ₹1,50,000. ಈ ಒಟ್ಟು ಮೊತ್ತ ಆಗ ನನಗೆ ಗೊತ್ತಿರಲಿಲ್ಲ ಅನ್ನೋದೇ ಕಥೆ. ಎಲ್ಲೂ ಬರೆದಿಟ್ಟಿರಲಿಲ್ಲ.

2022ರ ಜೂನ್‌ನಲ್ಲಿ ಜನರ ಕ್ರಿಪ್ಟೊ ಇಟ್ಟುಕೊಂಡು ಬಡ್ಡಿ ಕೊಡುತ್ತಿದ್ದ ಅಮೆರಿಕದ ಸೆಲ್ಸಿಯಸ್ ಕಂಪನಿ ಗ್ರಾಹಕರು ದುಡ್ಡು ತೆಗೆಯೋದನ್ನೇ ನಿಲ್ಲಿಸಿತು. ನನ್ನದು ಅಲ್ಲಿ ಇರಲಿಲ್ಲ, ಆದರೂ ಹೆದರಿಕೆ. ಎಕ್ಸ್‌ಚೇಂಜ್‌ನಲ್ಲಿದ್ದ ಅಷ್ಟನ್ನೂ ನನ್ನ ಸ್ವಂತ ವ್ಯಾಲೆಟ್‌ಗೆ ಕಳಿಸಿದೆ, ಆ ಖಾತೆಯನ್ನು ಮುಚ್ಚಿಯೇ ಬಿಟ್ಟೆ. ಹಳೆ ಖರೀದಿಯ ಫೈಲ್ ಡೌನ್‌ಲೋಡ್ ಮಾಡಿಕೊಳ್ಳಲಿಲ್ಲ. ಹೊಸ ಆ್ಯಪ್‌ಗೆ ವ್ಯಾಲೆಟ್ ವಿಳಾಸ ಅಂಟಿಸಿದೆ, ಎರಡೇ ನಿಮಿಷಕ್ಕೆ ಪೈ ಚಾರ್ಟು, ಗ್ರಾಫು ಎಲ್ಲಾ ಬಂತು. ಖುಷಿಯೋ ಖುಷಿ.

ಇಲ್ಲೇ ಸ್ವಲ್ಪ ನಿಲ್ಲಿ, ಯಾಕೆಂದರೆ ನೀವೂ ನಾಳೆ ಇದನ್ನೇ ಮಾಡ್ತೀರಿ. ಆ್ಯಪ್‌ಗೆ ಕಂಡದ್ದು ಬ್ಲಾಕ್‌ಚೈನ್, ಅಂದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯ್ತು ಅನ್ನೋ ಸಾರ್ವಜನಿಕ ಲೆಕ್ಕದ ಪುಸ್ತಕ ಮಾತ್ರ. ಆ ದಿನ ಈ ವಿಳಾಸಕ್ಕೆ ಅರ್ಧ ಇಥೀರಿಯಂ ಬಂತು, ಅಷ್ಟೇ ಅದಕ್ಕೆ ಗೊತ್ತು. ಅದನ್ನು ನಾನು ಯಾವಾಗ, ಎಷ್ಟಕ್ಕೆ ತಗೊಂಡಿದ್ದೆ ಅನ್ನೋದು ಚೈನ್ ಮೇಲೆ ಇರೋದಿಲ್ಲ. ಹಾಗಾಗಿ ಬಂದ ದಿನದ ಮಾರುಕಟ್ಟೆ ದರವನ್ನೇ ಖರೀದಿ ದರ ಅಂತ ಬರೆದುಕೊಂಡಿತು. ಆಗ ಒಂದು ಇಥೀರಿಯಂಗೆ ಸುಮಾರು ₹90,000. ನನ್ನ ಒಂದೂವರೆ ಲಕ್ಷದ ಖರೀದಿ ಆ್ಯಪ್ ಪುಸ್ತಕದಲ್ಲಿ ₹45,000 ಆಗಿ ಕೂತಿತು.

2023ರ ಏಪ್ರಿಲ್‌ನಲ್ಲಿ ದರ ₹1,60,000 ಹತ್ತಿರ ಬಂತು. ಆ್ಯಪ್ ತೆಗೆದರೆ ಹಸಿರು ಅಕ್ಷರದಲ್ಲಿ ₹35,000 ಲಾಭ! ಮಾರಿಬಿಟ್ಟೆ. ₹80,000ದಲ್ಲಿ 1% ಟಿಡಿಎಸ್ ₹800 ಹಿಡಿದು ಉಳಿದದ್ದು ಬಂತು. ಗೆಳೆಯರಿಗೆಲ್ಲ ಗಿರಮಿಟ್ಟು, ಮಿರ್ಚಿ ತಿನ್ನಿಸಿದೆ. ಎಪ್ಪತ್ತು ಸಾವಿರ ಕಳೆದುಕೊಂಡ ದಿನ ಪಾರ್ಟಿ ಕೊಟ್ಟವನು ನಾನೊಬ್ಬನೇ ಇರಬೇಕು.

ಅದಕ್ಕಿಂತ ದೊಡ್ಡ ದಡ್ಡತನ 2024ರ ಜುಲೈನದು. ಆ್ಯಪ್‌ನ ರಿಪೋರ್ಟ್ ಇಳಿಸಿಕೊಂಡು, ಅದರಲ್ಲಿದ್ದ ಅಂಕಿಯನ್ನೇ ಐಟಿಆರ್‌ಗೆ ತುಂಬಿದೆ. ಲಾಭ ₹35,000, ಅದಕ್ಕೆ 30% ತೆರಿಗೆ ₹10,500, ಮೇಲೆ 4% ಸೆಸ್ ₹420. ಇಲ್ಲದ ಲಾಭಕ್ಕೆ ₹10,920.

ಗೊತ್ತಾಗಿದ್ದು 2025ರ ಮಾರ್ಚ್‌ನಲ್ಲಿ, ಅಂಗಡಿಯ ಸಾಲಕ್ಕೆ ಕಾಗದ ಮಾಡಿಸೋಕೆ ಸಿಎ ಹತ್ತಿರ ಹೋದಾಗ. ಅವರು ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಬೆರಳಾಡಿಸುತ್ತಾ "ಇವೇನ್ರೀ ಐದೈದು ಸಾವಿರ, ಎಂಟೆಂಟು ಸಾವಿರ ಹೋಗ್ಯಾವ? ರಿಟರ್ನ್‌ನ್ಯಾಗ ನಲವತ್ತೈದು ಅಂತ ಬರದೀರಿ?" ಅಂದರು. ಅಂದು ರಾತ್ರಿ ಅಂಗಡಿ ಶಟರ್ ಅರ್ಧ ಇಳಿಸಿ, ಹಳೆ ಇಮೇಲ್‌ಗಳಲ್ಲಿ ಖರೀದಿಯ ಇಪ್ಪತ್ತೆರಡು ಮೆಸೇಜ್ ಹುಡುಕಿ ಬಿಲ್ ಬುಕ್ಕಿನ ಹಿಂದೆ ಒಂದೊಂದಾಗಿ ಬರೆದು ಕೂಡಿದೆ. ರಿಟರ್ನ್ ತಿದ್ದೋ ಗಡುವು ಜನವರಿ 15ಕ್ಕೇ ಮುಗಿದಿತ್ತು. ಕಮಿಷನರ್‌ಗೆ ಅರ್ಜಿ ಹಾಕೋ ದಾರಿ ಇದೆ ಅಂತ ಸಿಎ ಅಂದರು. ಓಡಾಟ, ಫೀಸು ಲೆಕ್ಕ ಹಾಕಿ ಸುಮ್ನೆ ಬಿಟ್ಟೆ.

ನಮ್ಮ ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದವರು, ಕಿರ್ದಿ ಬರೆದೇ ಜೀವನ ಮಾಡಿದವರು. ಅವರಿಗೆ ಬಿಟ್‌ಕಾಯಿನ್ ಅಂದರೆ ಏನೂ ಗೊತ್ತಿಲ್ಲ. ಆದರೆ ಕೇಳಿದ ತಕ್ಷಣ ಅಂದರು: "ಚೀಲ ಅಂಗಡಿಯಿಂದ ಕೋಲ್ಡ್ ಸ್ಟೋರೇಜಿಗೆ ಹೋದ್ರ ಅದನ್ನ ಮತ್ತ ಖರೀದಿ ಅಂತ ಯಾರರ ಬರೀತಾರೇನೋ?"

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಯಾವ ಆ್ಯಪ್ ಅನ್ನೋದು ಆಮೇಲಿನ ಮಾತು. ನಾಲ್ಕು ಎಕ್ಸ್‌ಚೇಂಜ್ ಯಾಕೆ ಬೇಕು ನಿಮಗೆ? ಎರಡನ್ನಾದರೂ ಮುಚ್ಚಿ. ಆದರೆ ಮುಚ್ಚೋ ಮೊದಲು ಪ್ರತಿಯೊಂದರಿಂದ ಪೂರ್ತಿ ವಹಿವಾಟಿನ ಫೈಲ್ ಇಳಿಸಿಕೊಳ್ಳಿ. ಒಂದು ಗೂಗಲ್ ಶೀಟ್ ಮಾಡಿ: ತಾರೀಖು, ಕಾಯಿನ್, ಎಷ್ಟು, ಎಷ್ಟು ರೂಪಾಯಿ, ಫೀಸು, ಎಲ್ಲಿಂದ ಎಲ್ಲಿಗೆ. ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೂ ನಮ್ಮಲ್ಲಿ ಅದು ಮಾರಾಟವೇ, ಅದನ್ನೂ ಬರೆಯಿರಿ.

ಇನ್ನೊಂದು. ಆ್ಯಪ್‌ಗಳು ಮೇಲುಗಡೆ ದೊಡ್ಡದಾಗಿ ತೋರಿಸೋ ಒಟ್ಟು ಲಾಭ-ನಷ್ಟ ನಮ್ಮ ತೆರಿಗೆಗೆ ಕೆಲಸಕ್ಕೆ ಬರಲ್ಲ. 2022ರ ಏಪ್ರಿಲ್‌ನಿಂದ ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಒಂದನ್ನು ಮಾರಿ ₹20,000 ಗಳಿಸಿ, ಇನ್ನೊಂದನ್ನು ಮಾರಿ ₹30,000 ಕಳೆದರೆ ಆ್ಯಪ್ ಹತ್ತು ಸಾವಿರ ನಷ್ಟ ಅನ್ನುತ್ತೆ, ಇಲಾಖೆ ₹6,000 ಮತ್ತು ಸೆಸ್ ಕೇಳುತ್ತೆ.

ಸರಿ, ಹೆಸರೇ ಬೇಕು ಅಂದರೆ: ಸುಮ್ನೆ ದರ ನೋಡೋಕೆ ಕಾಯಿನ್‌ಗೆಕ್ಕೊ ಸಾಕು, ಪುಕ್ಕಟೆ. ಕೈಯಾರೆ ತುಂಬಬೇಕು ಅಂತ ಬೈಯ್ಯುತ್ತಾರೆ, ನನಗೆ ಅದೇ ಇಷ್ಟ, ತುಂಬುವಾಗ ಎಷ್ಟು ಹಾಕಿದ್ದೆ ಅಂತ ನೆನಪಾಗುತ್ತೆ. ಕಾಯಿನ್‌ಲಿ ಒಂದು ಕಡೆಯಿಂದ ಹೋದದ್ದನ್ನೂ ಇನ್ನೊಂದು ಕಡೆ ಬಂದದ್ದನ್ನೂ ಜೋಡಿಸುತ್ತೆ, ಆದರೆ ಎರಡೂ ಕಡೆಯ ಲೆಕ್ಕ ನೀವು ಕೊಟ್ಟಿದ್ದರೆ ಮಾತ್ರ, ಮತ್ತೆ ತೆರಿಗೆ ರಿಪೋರ್ಟ್‌ಗೆ ದುಡ್ಡು. ಕಂಪ್ಯೂಟರ್ ಮುಂದೆ ಕೂರೋ ತಾಳ್ಮೆ ಇದ್ದರೆ ರೋಟ್ಕಿ ನೋಡಿ, ಓಪನ್ ಸೋರ್ಸ್, ನಿಮ್ಮ ಲೆಕ್ಕ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ. ಆ್ಯಪ್‌ಗೆ ಎಪಿಐ ಕೀ, ಅಂದರೆ ನಿಮ್ಮ ಎಕ್ಸ್‌ಚೇಂಜ್ ಖಾತೆಯೊಳಗೆ ಹೋಗೋಕೆ ಬಿಡೋ ಕೀಲಿ, ಕೊಡೋದಾದರೆ ಓದೋಕೆ ಮಾತ್ರ ಅನುಮತಿ ಇರಲಿ, ದುಡ್ಡು ತೆಗೆಯೋ ಅನುಮತಿಯ ಟಿಕ್ ಮಾರ್ಕ್ ಅಳಿಸಿ.

ಯಾವುದನ್ನೇ ಹಾಕಿದರೂ ಶೀಟ್ ಬಿಡಬೇಡಿ. ಬ್ಲಾಕ್‌ಫೋಲಿಯೊ ಅಂತ ಇಂಥದ್ದೇ ಆ್ಯಪ್ ಒಂದಿತ್ತು, ಒಂದು ಕಾಲಕ್ಕೆ ಎಲ್ಲರ ಫೋನಲ್ಲೂ ಅದೇ. 2020ರಲ್ಲಿ ಎಫ್‌ಟಿಎಕ್ಸ್ ಅನ್ನೋ ಎಕ್ಸ್‌ಚೇಂಜ್ ಅದನ್ನು ಕೊಂಡುಕೊಂಡಿತು, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸೇ ದಿವಾಳಿ ಎದ್ದಿತು.

ನಿಮ್ಮ ನಾಲ್ಕು ಎಕ್ಸ್‌ಚೇಂಜ್‌ಗಳಲ್ಲಿ ಯಾವುದು ತುಂಬಾ ಹಳೆಯದೋ, ಲಾಗಿನ್ ಆಗದೆ ವರ್ಷ ಆಗಿದೆಯೋ, ಇವತ್ತು ಸಂಜೆ ಅದರ ಪಾಸ್‌ವರ್ಡ್ ಹುಡುಕಿ.