ಒಂಟಿ ಸೀಟು ಆದರೂ ಪರವಾಗಿಲ್ಲ ಅನ್ನಿ

ನ್ಯೂಯಾರ್ಕ್‌ನಲ್ಲಿ ಎರಡೇ ರಾತ್ರಿ ಇರೋದು, ಬುಕ್ ಮಾಡಿಲ್ಲ, ಅಲ್ಲಿನ ಹೆಸರಾಂತ ಬ್ರಾಡ್‌ವೇ ಥಿಯೇಟರ್‌ಗಳ ಸಂಗೀತ ನಾಟಕಕ್ಕೆ ಟಿಕೆಟ್ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಟೈಮ್ಸ್ ಸ್ಕ್ವೇರ್‌ನಲ್ಲಿ ಜನ ಕೂತು ಫೋಟೊ ತೆಗೆಸಿಕೊಳ್ಳುವ ಕೆಂಪು ಮೆಟ್ಟಿಲು ಇದೆಯಲ್ಲ, ಅದರ ಕೆಳಗೇ ಟಿ.ಕೆ.ಟಿ.ಎಸ್. ಕೌಂಟರ್. 1973ರಲ್ಲಿ ಶುರುವಾದದ್ದು. ಅದೇ ದಿನದ ಶೋಗೆ ಉಳಿದ ಸೀಟುಗಳನ್ನು ಕೆಲವೊಮ್ಮೆ ಅರ್ಧ ಬೆಲೆಗೂ ಮಾರುತ್ತಾರೆ.

ಆದರೆ ತುಂಬಾ ಹೆಸರಾದ ಶೋಗಳು ಅಲ್ಲಿನ ಬೋರ್ಡಿನಲ್ಲಿ ಕಾಣೋದು ಅಪರೂಪ. ಅಂಥದ್ದೇ ಬೇಕಂದ್ರೆ ಬೆಳಿಗ್ಗೆ ಥಿಯೇಟರಿನ ಟಿಕೆಟ್ ಕೌಂಟರ್ ತೆರೆಯುವ ಮುಂಚೆ ಅದರ ಮುಂದೆ ನಿಲ್ಲಿ. ಎಷ್ಟೋ ಶೋಗಳು ಆ ದಿನಕ್ಕೆಂದೇ ಒಂದಿಷ್ಟು ಅಗ್ಗದ ‘ರಶ್’ ಟಿಕೆಟ್ ಇಟ್ಟಿರುತ್ತವೆ. ಅಗ್ಗದ ಟಿಕೆಟ್‌ಗೆ ಚೀಟಿ ಎತ್ತುವ ಲಾಟರಿಗೂ ಫೋನಿನಲ್ಲಿ ಹೆಸರು ಹಾಕಿ, ಸುಮ್ನೆ ಒಂದು ಪ್ರಯತ್ನ. ಜೋಡಿ ಸೀಟೇ ಬೇಕು ಅಂತ ಹಟ ಹಿಡಿದರೆ ಕಷ್ಟ. ಮೂರು ಗಂಟೆ ಬೇರೆ ಬೇರೆ ಕೂತರೆ ಏನೂ ಆಗಲ್ಲ ಅಲ್ವಾ! ಸೋಮವಾರ ಮಾತ್ರ ಹಲವು ಥಿಯೇಟರ್‌ಗಳಿಗೆ ರಜೆ, ನೋಡಿಕೊಳ್ಳಿ.